ಹದಿನೈದು ಕಿಲೋ, ಒಂದು ಕಂಬಳಿ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಅಚ್ಚಾದರೆ ದೃಷ್ಟಿ ತಾಗುತ್ತದೆ ಎಂದು ನಂಬಿದ್ದವರು ಅವರು. ಸ್ವಂತ ಮಗನ ಮದುವೆಯ ಕರೆಯೋಲೆಯಲ್ಲೂ ತಮ್ಮ ಹೆಸರು ಬೇಡವೆಂದು ಹಟ ಹಿಡಿದು, 'ಶ್ರೀಮತಿ' ಎಂದು ಹಾಕಿಸಿ ಮುಂದೆ ಯಜಮಾನರ ಹೆಸರನ್ನಷ್ಟೇ ಉಳಿಸಿದ್ದರಂತೆ. ಈಗ ಅವರಿಲ್ಲ, ಇನ್ನು ಯಾವ ದೃಷ್ಟಿಯೂ ತಾಗಲಾರದು. ಆದರೂ ಅವರಿಗೆ ಹಿಡಿಸದ್ದನ್ನು ಅವರು ಹೋದ ಮೇಲೆ ಮಾಡಲು ನನಗೆ ಮನಸ್ಸಿಲ್ಲ.

ಕಮ್ಮನಹಳ್ಳಿಯ ಒಂದು ಅಡ್ಡರಸ್ತೆಯಲ್ಲಿ ಅವರ ಮನೆ. ಕೆಳಗೆ ಗಂಡ ಹೆಂಡತಿ ಇಬ್ಬರೇ, ಮಹಡಿಯಲ್ಲಿ ಬಾಡಿಗೆಗೆ ನಾನು. ಹಲಸೂರಿನ ಒಂದು ಶಾಲೆಯಲ್ಲಿ ಟೀಚರಾಗಿರುವ ನನಗೆ ಹಿಂದೆ ಮುಂದೆ ಯಾರೂ ಇಲ್ಲದ್ದನ್ನು ಅವರು ಮೊದಲ ವಾರದಲ್ಲೇ ಕೇಳಿ ತಿಳಿದುಕೊಂಡು, ಎರಡನೆಯ ವಾರದಿಂದ ಸಾರು ಕಳಿಸತೊಡಗಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಹಾಗಾಗಿ ಅವರ ಯಜಮಾನರು ಭಾವ ಆದರು.

ಭಯಪಡುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆದರೆ ಇಷ್ಟು ಶ್ರದ್ಧೆಯಿಂದ, ಒಂದು ದಿನವೂ ತಪ್ಪಿಸದೆ ಭಯಪಟ್ಟವರನ್ನು ಕಂಡಿಲ್ಲ. ಗ್ಯಾಸಿನ ನಾಬ್ ತಿರುಗಿಸಿದ ಮೇಲೆ ಅದರ ಮುಂದೆ ನಿಂತು ಮೂಗೆಳೆದು ನೋಡುವರು. ಬಾಗಿಲಿಗೆ ಬೀಗ ಹಾಕಿ, ಬೀಗಕ್ಕೆ ಜೋತುಬಿದ್ದು, ಬಸ್ ಸ್ಟಾಪಿನ ತನಕ ಹೋಗಿ, ಮತ್ತೆ ಬಂದು ಜೋತುಬೀಳುವರು. ಕಮ್ಮನಹಳ್ಳಿ ಮೇನ್ ರೋಡು ದಾಟಬೇಕಾದಾಗ ಪಕ್ಕದಲ್ಲಿ ಯಾರಿದ್ದರೆ ಅವರ ಮೊಣಕೈ ಹಿಡಿದುಬಿಡುವರು. ಕಾಲೇಜು ಹುಡುಗನಾದರೂ ಸರಿ, ಪೊಲೀಸನಾದರೂ ಸರಿ. ಲಿಫ್ಟು ಹತ್ತಿದವರಲ್ಲ. ಗುಡುಗಿದರೆ ಮಂಚದ ಮೇಲೆ ಕಾಲು ಮಡಿಸಿ ಕೂತು ಕೆಳಗಿನಿಂದ ಕೂಗುವರು: "ಒಬ್ಬಳೇ ಇರ್ಬೇಡ ಬಾರೇ! ಸಿಡಿಲು ಒಂಟಿ ಹೆಂಗಸನ್ನ ಹುಡುಕ್ಕೊಂಡು ಬರುತ್ತೆ."

ಅವರ ಕೈಚೀಲವೂ ಹಾಗೆಯೇ ಇತ್ತು. ಅದರಲ್ಲಿ ಟಾರ್ಚು, ಮೇಣದಬತ್ತಿ, ಸೀಟಿ, ಗಾಯಕ್ಕೆ ಕಟ್ಟುವ ಬಟ್ಟೆ, ಕಲ್ಲುಸಕ್ಕರೆ, ಎರಡು ಕನ್ನಡಕ ಎಲ್ಲ ಇರುತ್ತಿದ್ದವು. ಯಾಕೆ ಎಂದು ಕೇಳಿದರೆ ಒಂದೇ ಉತ್ತರ: "ಯಾವುದಕ್ಕೂ ಇರ್ಲಿ."

ಭಾವ ಇದಕ್ಕೆ ತದ್ವಿರುದ್ಧ. ಶಿವಾಜಿನಗರದಲ್ಲಿ ಫ್ರಿಡ್ಜ್ ರಿಪೇರಿ ಅಂಗಡಿ ಇಟ್ಟು ಇಡೀ ಜೀವಮಾನ ನಡೆಸಿದವರು. ಕನ್ನಡದಲ್ಲಿ ಶುರುಮಾಡಿದ ಜಗಳವನ್ನು ತಮಿಳಿನಲ್ಲಿ ಬೆಳೆಸಿ ದಖ್ಖನಿಯಲ್ಲಿ ರಾಜಿ ಮಾಡಿಕೊಳ್ಳಬಲ್ಲವರು. ಕರೆಂಟು ಹರಿಯುವ ವೈರನ್ನು ಬರಿಗೈಲಿ ಮುಟ್ಟಿ ನೋಡುತ್ತಿದ್ದರಂತೆ. "ಇವರಿಗೆ ಹುಟ್ಟುವಾಗ್ಲೇ ಭಯದ ನರ ಕಟ್ಟಾಗಿದೆ. ಅವರ ಪಾಲಿಂದೂ ನಂಗೇ ಬಂದಿದೆ," ಎಂದು ಅಕ್ಕ ನಗುತ್ತಿದ್ದರು. ಹೌದು, ಅವರು ನಗುತ್ತಿದ್ದರು. ತಮ್ಮ ಭಯವನ್ನು ಅವರು ಬಚ್ಚಿಟ್ಟವರೂ ಅಲ್ಲ, ಅದಕ್ಕೆ ನಾಚಿಕೊಂಡವರೂ ಅಲ್ಲ.

ಭಾವನ ಅಂಗಡಿಯ ಗೋಡೆಯಲ್ಲಿ ದೇವರ ಪಟದ ಪಕ್ಕ ಒಂದು ಹಿಮಪರ್ವತದ ಚಿತ್ರವಿತ್ತು, ಸಮುದ್ರದಲ್ಲಿ ತೇಲುವಂಥದ್ದು. "ಇಷ್ಟು ವರ್ಷ ಡಬ್ಬಿ ಒಳಗೆ ಚಳಿ ತುಂಬಿದೀನಮ್ಮ. ತಾನಾಗೇ ಇರೋ ಚಳೀನ ಒಂದ್ಸಲ ನೋಡ್ಬೇಕು," ಎಂದು ನನ್ನ ಹತ್ತಿರವೂ ಹೇಳಿದ್ದರು. ಹೋಗಲಿಕ್ಕೆ ದುಡ್ಡಿಗೆ ಕೊರತೆಯಿರಲಿಲ್ಲ. ಅಕ್ಕನ ತವರಿನ ದ್ರಾಕ್ಷಿ ತೋಟ ಈಗ ರಿಂಗ್ ರೋಡ್ ಹಾದುಹೋಗಿರುವ ಜಾಗದಲ್ಲಿತ್ತು ಎಂದರೆ ಸಾಕು. ಹೋಗದೆ ಉಳಿದದ್ದು ಅಕ್ಕನಿಂದ. ವಿಮಾನ ಹತ್ತಲು ಅವರು ಒಪ್ಪುತ್ತಿರಲಿಲ್ಲ. ಅವರನ್ನು ಬಿಟ್ಟು ಭಾವ ಎಲ್ಲಿಗೂ ಹೋಗುತ್ತಿರಲಿಲ್ಲ.

ಆಮೇಲೆ ಭಾವನಿಗೆ ಮರೆವು ಶುರುವಾಯಿತು. ಮೊದಲು ನಲ್ಲಿ ನಿಲ್ಲಿಸುವುದು ಮರೆತರು, ಆಮೇಲೆ ನನ್ನ ಹೆಸರು. ಅಂಗಡಿ ಮಾರಿ ಆಗಿದ್ದರೂ ಅದರ ಬೀಗದ ಕೈ ಎಲ್ಲಿ ಎಂದು ಕೇಳುತ್ತಿದ್ದರು.

ಒಂದು ಬೆಳಿಗ್ಗೆ ಅಕ್ಕ ಬರಿಗಾಲಲ್ಲಿ ಮೆಟ್ಟಿಲು ಹತ್ತಿ ಬಂದು ನನ್ನ ಬಾಗಿಲಲ್ಲಿ ನಿಂತರು. ಕೈಯಿಂದ ಕೆಳಗೆ ತೋರಿಸಿದರು. ಕೆಳಗೆ ಹೋಗಿ ನೋಡಿದೆ. ಬಾಗಿಲು ಹಾರುಹೊಡೆದಿತ್ತು, ಭಾವ ಇರಲಿಲ್ಲ. ರಸ್ತೆ ರಸ್ತೆ ಹುಡುಕಿದೆವು. ಮೇನ್ ರೋಡಿಗೆ ಬಂದಾಗ ನಾನು ಅವರ ಕೈ ಹಿಡಿಯಲು ತಿರುಗಿದರೆ ಅವರಾಗಲೇ ರಸ್ತೆಯ ನಡುವೆ ಇದ್ದರು. ಬಸ್ಸು ಹಾರನ್ನು ಬಡಿಯುತ್ತಿತ್ತು. ಅದು ಅವರಿಗೆ ಕೇಳಿಸಲೇ ಇಲ್ಲ. ನಾನು ಕಣ್ಣು ಮುಚ್ಚಿಕೊಂಡೆ.

ಕೊನೆಗೆ ಶಿವಾಜಿನಗರಕ್ಕೆ ಹೋಗಿ ನೋಡಲು ಅವರಿಗೇ ಹೊಳೆಯಿತು. ಹಳೆಯ ಅಂಗಡಿಯಲ್ಲಿ ಈಗ ಮೊಬೈಲ್ ಮಾರುತ್ತಾರೆ. ಅದರ ಮುಂದೆ ಸ್ಟೂಲಿನ ಮೇಲೆ ಭಾವ ಕೂತಿದ್ದರು, ಕೈಯಲ್ಲಿ ಚಹಾದ ಲೋಟ. ಅಂಗಡಿಯ ಯಜಮಾನ ಹೊರಗೆ ಬಂದು, "ಡರೋ ನಕ್ಕೋ ಅಮ್ಮಾ, ಹೆದರ್ಬೇಡಿ. ಚಾಚಾನ ಇಲ್ಲೇ ಕೂರಿಸ್ಕೊಂಡಿದೀನಿ, ಎಲ್ಲೂ ಹೋಗಕ್ಕೆ ಬಿಟ್ಟಿಲ್ಲ," ಎಂದ. ಅಕ್ಕ ಅವನಿಗೆ ಕೈ ಮುಗಿದರು. ಆಮೇಲೆ ಫುಟ್‌ಪಾತಿನಲ್ಲೇ ಕುಕ್ಕರಿಸಿ ಕೂತು ನಡುಗತೊಡಗಿದರು. ಭಾವ ಅವರ ತಲೆ ನೇವರಿಸುತ್ತ, "ಯಾಕೆ, ಏನಾಯ್ತೇ? ಯಾರು ಹೆದರಿಸಿದ್ರು?" ಎಂದು ಕೇಳುತ್ತಿದ್ದರು.

ಅಂದು ಸಂಜೆ ನನ್ನ ಮೆಟ್ಟಿಲಲ್ಲಿ ಕೂತು ಅಕ್ಕ ಹೇಳಿದರು, "ಇವರನ್ನ ಆ ಹಿಮದ ಹತ್ರ ಕರ್ಕೊಂಡು ಹೋಗ್ಬೇಕು ಕಣೇ. ಇನ್ನೂ ತಡ ಮಾಡಿದ್ರೆ, ಹೋದ್ರೂ ಹೋಗಿದೀನಿ ಅಂತ ಅವರಿಗೆ ಗೊತ್ತಾಗಲ್ಲ."

"ನೀವಾ ಅಕ್ಕ? ಲಿಫ್ಟೇ ಹತ್ತಲ್ಲ ನೀವು. ಭಯ ಆಗುತ್ತೆ ಅಂತ ಇಷ್ಟು ವರ್ಷ..."

"ಭಯ ಆಗುತ್ತೆ ಅಂದೆ. ಈಗ್ಲೂ ಆಗುತ್ತೆ. ಅದಕ್ಕೇನೀಗ?"

ಮಗ ಕಲ್ಯಾಣ ನಗರದಿಂದ ಓಡಿ ಬಂದ. ಅಪ್ಪನಿಗೆ ಮರೆವು, ಅಮ್ಮನಿಗೆ ಹುಚ್ಚು ಎಂದು ಕೂಗಾಡಿದ. ನಾನು ಬರುವುದಿಲ್ಲ, ನೀವೂ ಹೋಗಕೂಡದು ಎಂದ. ಭಾವನನ್ನು ನೋಡುತ್ತಿದ್ದ ಡಾಕ್ಟರು ಮಾತ್ರ, ಕಾಯಿಲೆ ಇನ್ನೂ ಕೈಮೀರಿಲ್ಲ, ಗಟ್ಟಿಮುಟ್ಟಾದ ಇನ್ನೊಬ್ಬರು ಜೊತೆಗಿದ್ದರೆ ಹೋಗಿಬರಬಹುದು ಎಂದರು. ಅಕ್ಕ ನನ್ನ ಮುಖ ನೋಡಿದರು. ನಾನು ಹೂಂ ಎಂದುಬಿಟ್ಟೆ. ಹೆದರಿಕೆ ನನಗೆ ಹತ್ತಿದ್ದು ಮಹಡಿಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ.

ಭೂಮಿಯ ಆ ಬುಡಕ್ಕೆ, ದಕ್ಷಿಣ ಧ್ರುವದ ಕಡೆಗೆ, ಹೋಗುವುದೆಂದರೆ ದೊಡ್ಡ ವಿಮಾನಗಳಲ್ಲಿ ಎರಡು ಸಾಗರ ದಾಟಿ, ಕೊನೆಗೆ ಒಂದು ಸಣ್ಣ ವಿಮಾನದಲ್ಲಿ ಬಂದರಿಗೆ ಇಳಿದು, ಅಲ್ಲಿ ಹಡಗು ಹತ್ತಬೇಕು. ಆ ಸಣ್ಣ ವಿಮಾನದ ನಿಯಮವೇ ನಮ್ಮ ತಲೆಯ ಮೇಲೆ ಕೂತಿತು. ತಲೆಗೆ ಹದಿನೈದು ಕಿಲೋದ ಒಂದು ಪೆಟ್ಟಿಗೆ, ಎಂಟು ಕಿಲೋದ ಒಂದು ಕೈಚೀಲ. ಅಷ್ಟರಲ್ಲೇ ಹಿಮಕ್ಕೆ ಬೇಕಾದದ್ದೆಲ್ಲ ಹಿಡಿಯಬೇಕು. ಮೇಲಿನ ದಪ್ಪ ಜಾಕೀಟು ಮತ್ತು ರಬ್ಬರ್ ಬೂಟು ಹಡಗಿನವರೇ ಕೊಡುತ್ತಾರೆ. ಮೈಗಂಟುವ ಉಲ್ಲನ್ ಒಳಉಡುಪು, ನೀರು ಹಿಡಿಯದ ಪ್ಯಾಂಟು, ಎರಡೆರಡು ಜೊತೆ ಗ್ಲೌಸು, ಸಾಕ್ಸು, ಟೋಪಿ ನಮ್ಮದು.

ಇವನ್ನು ಕೊಳ್ಳಲು ಕಮರ್ಷಿಯಲ್ ಸ್ಟ್ರೀಟಿಗೆ ಹೋದೆವು. ಅಂಗಡಿಯವನು ಥರ್ಮಲ್ ಬಟ್ಟೆಯ ರಾಶಿ ಹಾಕುತ್ತ, "ಕುಲು ಮನಾಲಿ ಟ್ರಿಪ್ಪಾ ಅಮ್ಮಾ?" ಎಂದು ಕೇಳಿದ.

"ಇಲ್ಲಪ್ಪ. ಅಲ್ಲಿಂದ ಸ್ವಲ್ಪ ಮುಂದೆ," ಎಂದರು ಅಕ್ಕ.

ಅವರ ಹಜಾರದಲ್ಲಿ ಚಾಪೆ ಹಾಸಿ ಮೂರು ಪೆಟ್ಟಿಗೆ ತೆರೆದಿಟ್ಟೆವು. ನನ್ನದು ಒಂದು ಸಂಜೆಯಲ್ಲಿ ಮುಗಿಯಿತು. ಭಾವನದ್ದು ಮುಗಿಯಲೇ ಇಲ್ಲ. ಅವರ ಮಾತ್ರೆಗಳು, ಒದ್ದೆಯಾದರೆ ಬದಲಿಸಲು ನಾಲ್ಕು ಪೈಜಾಮ, ಪ್ಯಾಡುಗಳ ಕಟ್ಟು, ಬೇರೆ ಲೋಟದಲ್ಲಿ ನೀರು ಕುಡಿಯದ ಕಾರಣ ಅವರ ಸ್ಟೀಲ್ ಲೋಟ. ಎಲ್ಲಕ್ಕಿಂತ ಮೇಲೆ ಕಂಬಳಿ. ಭಾವನ ತಂದೆಯ ಕಾಲದ ಕರಿ ಕಂಬಳಿ ಅದು, ಕೈಗೆತ್ತಿಕೊಂಡರೆ ಮಗುವಿನಷ್ಟು ಭಾರ. ಅದರ ವಾಸನೆ ಮೂಗಿಗೆ ಬಂದರೆ ಭಾವ ಮಲಗಿದಲ್ಲೇ ಮಲಗುತ್ತಿದ್ದರು. ಇಲ್ಲದ ದಿನ ಎದ್ದು ಬಾಗಿಲು ಹುಡುಕುತ್ತಿದ್ದರು.

"ಹಡಗಲ್ಲಿ ಹೊದಿಕೆ ಕೊಡ್ತಾರೆ ಅಕ್ಕ. ಇದೊಂದೇ ನಾಲ್ಕು ಕಿಲೋ ತಿನ್ನುತ್ತೆ."

"ಕೊಡ್ತಾರೆ. ಆ ಹೊದಿಕೆ ಒಳಗೆ ಇವರು ಇರ್ಬೇಕಲ್ಲ?"

ಕಂಬಳಿ ಬರುವುದೆಂದೇ ಆಯಿತು. ಇನ್ನೊಂದು ತೊಡಕೂ ಇತ್ತು. ಆ ನೆಲಕ್ಕೆ ಹೊರಗಿನ ಒಂದು ಬೀಜವೂ ಹೋಗಬಾರದು ಎಂದು ಹಡಗಿನವರು ಒತ್ತಿ ಹೇಳಿದ್ದರು. ಕಂಬಳಿಯ ನೂಲಿಗೆ ಹೊಲದ ಮುಳ್ಳುಬೀಜ, ಹುಲ್ಲಿನ ಸಿಬುರು ಎಷ್ಟು ಅಂಟಿತ್ತೋ! ತಾರಸಿಯಲ್ಲಿ ಅದನ್ನು ಹರಡಿ ಇಬ್ಬರೂ ಎದುರುಬದುರು ಕೂತು ಚಿಮುಟದಿಂದ ಒಂದೊಂದೇ ಕಿತ್ತೆವು. ಅಕ್ಕ ಹೇನು ತೆಗೆಯುವವರ ಹಾಗೆ ಬಗ್ಗಿ ಕೂತಿದ್ದರು. "ನಮ್ಮಪ್ಪನ ತೋಟ ಕಿತ್ತು ರೋಡ್ ಮಾಡ್ದಾಗ ಒಂದು ಬೀಜಾನೂ ಯಾರೂ ಕೇಳ್ಲಿಲ್ಲ. ಅಲ್ಲಿ ನೋಡು ಎಷ್ಟು ಮರ್ಯಾದೆ," ಎಂದರು.

ಇನ್ನು ಅಕ್ಕನ ಪೆಟ್ಟಿಗೆ. ಜೀವಮಾನದ 'ಯಾವುದಕ್ಕೂ ಇರ್ಲಿ' ಎಲ್ಲ ಅದರೊಳಗೆ ಸೇರಿತ್ತು. ನಾನು ಒಂದೊಂದನ್ನೇ ಹೊರಗೆ ತೆಗೆದೆ. ಮೇಣದಬತ್ತಿ, ಛತ್ರಿ, ಬಿಸಿನೀರಿನ ಚೀಲ, ಮೂರು ಡಬ್ಬಿ ಚಟ್ನಿಪುಡಿ ಹೊರಗೆ ಬಂದವು. ತಳದಲ್ಲಿ ನೈಲಾನ್ ಹಗ್ಗದ ಒಂದು ಸುರುಳಿ ಸಿಕ್ಕಿತು.

"ಹಗ್ಗ ಯಾಕೆ ಅಕ್ಕ?"

"ಹಡಗು ಮುಳುಗಿದ್ರೆ?"

"ಮುಳುಗೋ ಹಡಗನ್ನ ಹಗ್ಗ ಹಾಕಿ ಎಳೀತೀರಾ?" ನನಗೆ ನಗು ತಡೆಯಲಾಗಲಿಲ್ಲ.

ಅವರು ನಗಲಿಲ್ಲ. "ನಾವು ಮೂರು ಜನ ಸೊಂಟಕ್ಕೆ ಕಟ್ಕೊಳ್ಳೋಕೆ. ಸಿಕ್ಕಿದ್ರೆ ಒಟ್ಟಿಗೆ ಸಿಗ್ಲಿ ಅಂತ."

ಅಲ್ಲಿಯ ತನಕ ನನ್ನ ಹೆದರಿಕೆಗೆ ಒಂದು ಆಕಾರವಿರಲಿಲ್ಲ, ಈಗ ಬಂತು. ಆ ಹಗ್ಗವನ್ನು ಹೊರಗಿಡಲು ನನಗೆ ಧೈರ್ಯವಾಗಲಿಲ್ಲ. ಆಮೇಲೆ ಅಕ್ಕನೇ ತೆಗೆದಿಟ್ಟರು, ಅದೂ ತೂಕದ ದೆಸೆಯಿಂದ.

ತೂಕ ನೋಡುವುದೇ ಒಂದು ಕತೆಯಾಯಿತು. ಮನೆಯ ತಕ್ಕಡಿಯನ್ನು ಅವರು ನಂಬಲಿಲ್ಲ. ಪೆಟ್ಟಿಗೆಗಳನ್ನು ಆಟೋದಲ್ಲಿ ಹಾಕಿಕೊಂಡು ರಾಗಿ ಬೀಸುವ ಮಿಲ್ಲಿಗೆ ಹೋದೆವು. ಮಿಲ್ಲಿನವನು ಮೈಯೆಲ್ಲ ಹಿಟ್ಟು ಮಾಡಿಕೊಂಡು ಬಂದು, "ಏನಮ್ಮ, ಪೆಟ್ಟಿಗೆ ಬೀಸ್ಬೇಕಾ?" ಎಂದು ನಗುತ್ತಲೇ ತಕ್ಕಡಿ ಬಿಟ್ಟುಕೊಟ್ಟ. ಭಾವನ ಪೆಟ್ಟಿಗೆ ಹತ್ತೊಂಬತ್ತು ತೂಗಿತು. ಅಕ್ಕ ತುಟಿ ಕಚ್ಚಿ ನಿಂತರು. ಮರುದಿನ ಭಾವನ ಪೈಜಾಮ, ಪ್ಯಾಡುಗಳೆಲ್ಲ ಅಕ್ಕನ ಪೆಟ್ಟಿಗೆಗೆ ಬಂದವು. ಅದಕ್ಕೆ ಜಾಗ ಮಾಡಲು ಅವರ ಸ್ವೆಟರು, ಎರಡನೆಯ ಜೊತೆ ಥರ್ಮಲ್, ಶಾಲು ಬೀರುವಿಗೆ ವಾಪಸ್ಸಾದವು. ಕಡೆಗೆ ಅವರ ಪೆಟ್ಟಿಗೆಯಲ್ಲಿ ಅವರದ್ದು ಅಂತ ಉಳಿದದ್ದು ಒಂದು ಬದಿಯಲ್ಲಿ ಹಿಡಿಯುವಷ್ಟು.

"ಒಂದ್ಜೊತೆ ಒದ್ದೆ ಆದ್ರೆ ಏನ್ಮಾಡ್ತೀರಾ? ಅಲ್ಲಿ ಚಳೀಗೆ ಜನ ಸಾಯ್ತಾರೆ ಅಕ್ಕ."

"ನಂಗೆಲ್ಲಿ ಚಳಿ? ಭಯಕ್ಕೇ ಬೆವರ್ತಾ ಇರ್ತೀನಿ," ಎಂದರು.

ಅವರನ್ನು ಹೆಚ್ಚು ಕಾಡಿದ್ದು ಪ್ಯಾಂಟು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, "ಇದಕ್ಕೆ ಸೆರಗಿಲ್ವಲ್ಲೇ," ಎಂದರು. ನಾಚಿಕೆ ಅಂದುಕೊಂಡೆ. ನಾಚಿಕೆಯಲ್ಲ. ಜನಜಂಗುಳಿಯಲ್ಲಿ ಭಾವ ಅವರ ಸೆರಗಿನ ತುದಿ ಹಿಡಿದು ನಡೆಯುತ್ತಿದ್ದರು. ಈಗ ಏನು ಹಿಡಿಯುತ್ತಾರೆ? ಒಂದು ಹಳೆಯ ಸೀರೆಯ ಸೆರಗನ್ನು ಕತ್ತರಿಸಿ, ಅಂಚು ಹೊಲಿದು, ಜಾಕೀಟಿನ ಮೇಲೆ ಸೊಂಟಕ್ಕೆ ಕಟ್ಟಿಕೊಳ್ಳುವಂತೆ ಮಾಡಿಕೊಂಡರು. ಅದರ ತೂಕವನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ.

ಇಷ್ಟಾದರೂ ಕೊನೆಯ ವಿಮಾನ ನಿಲ್ದಾಣದಲ್ಲಿ ಭಾವನ ಪೆಟ್ಟಿಗೆ ಹೆಚ್ಚಾಗಿಯೇ ಬಂತು. ಮಿಲ್ಲಿನ ತಕ್ಕಡಿಗೂ ಅಲ್ಲಿಯ ಯಂತ್ರಕ್ಕೂ ಹೊಂದಲಿಲ್ಲ. ಕೌಂಟರಿನ ಹುಡುಗಿ ತಲೆಯಾಡಿಸಿ, ವಿಮಾನ ಸಣ್ಣದು, ತುಂಬಿಹೋಗಿದೆ, ದುಡ್ಡು ಕೊಟ್ಟರೂ ಆಗದು, ತೆಗೆಯಲೇಬೇಕು ಎಂದಳು. ಹಿಂದೆ ಸಾಲು ಬೆಳೆಯುತ್ತಿತ್ತು. ಭಾವ ಗಾಬರಿಯಾಗಿ ಬಾಗಿಲ ಕಡೆ ನೋಡತೊಡಗಿದ್ದರು. ಹಡಗು ಅದೇ ಸಂಜೆ ಹೊರಡುವುದು. ಈ ವಿಮಾನ ತಪ್ಪಿದರೆ ಎಲ್ಲ ತಪ್ಪಿದಂತೆ. ನನಗೆ ಇಂಗ್ಲಿಷು ಕೂಡ ಹೊರಡಲಿಲ್ಲ.

ಅಕ್ಕ ನೆಲದ ಮೇಲೆ ಕೂತು ಪೆಟ್ಟಿಗೆ ಬಿಚ್ಚಿದರು. ಕಂಬಳಿ ಎಳೆದು, ಕೊಡವಿ, ಒಂದು ತುದಿಯನ್ನು ಮಡಚಿ ಕೊಪ್ಪೆ ಮಾಡಿ ತಲೆಯ ಮೇಲಿಂದ ಹಾಕಿಕೊಂಡರು. ಮಳೆಯಲ್ಲಿ ಅವರಪ್ಪ ತೋಟಕ್ಕೆ ಹೋಗುತ್ತಿದ್ದ ಹಾಗೆಯೇ. ಎದ್ದು ನಿಂತು ನನ್ನನ್ನು ಕೇಳಿದರು, "ಮೈಮೇಲಿರೋದಕ್ಕೆ ತೂಕ ಇಲ್ಲ ತಾನೇ? ಕೇಳು ಆ ಹುಡುಗೀನ."

ಕೇಳಿದೆ. ಹುಡುಗಿ ಬಗ್ಗಿ ನೋಡಿ, ನಕ್ಕು, ಪೆಟ್ಟಿಗೆಗೆ ಚೀಟಿ ಅಂಟಿಸಿದಳು. ಅಷ್ಟು ಹೊತ್ತೂ ಕಂಬಳಿಯೊಳಗೆ ಅಕ್ಕ ನಡುಗುತ್ತಿದ್ದದ್ದು ಪಕ್ಕದಲ್ಲಿದ್ದ ನನಗೆ ಮಾತ್ರ ಗೊತ್ತು. ವಿಮಾನ ಏರುವಾಗ ಅವರು ನನ್ನ ಮುಂಗೈ ಹಿಡಿದ ಗುರುತು ಹಡಗು ಹತ್ತುವ ತನಕ ಇತ್ತು.

ಬಂದರು ಬಿಟ್ಟು ಹೊರ ಸಮುದ್ರಕ್ಕೆ ಬಿದ್ದ ಮೇಲೆ ಹಡಗು ಹೊಯ್ದಾಡತೊಡಗಿತು. ಅಲೆ ಬಂದು ಕಿಟಕಿಗೆ ಬಡಿದರೆ ಹೊರಗೆ ಬರೀ ಹಸಿರು ನೀರು. ಹಡಗು ಒಂದು ಮಗ್ಗುಲಿಗೆ ವಾಲಿ, ಇನ್ನು ಏಳುವುದೇ ಇಲ್ಲವೇನೋ ಎನ್ನುವಷ್ಟು ಹೊತ್ತು ಹಾಗೇ ನಿಂತು, ಆಮೇಲೆ ನಿಧಾನವಾಗಿ ಏಳುತ್ತಿತ್ತು. ಮೂವರಿಗೂ ಒಂದೇ ಕೋಣೆ. ನಾನು ಮಲಗಿದಲ್ಲಿಂದ ತಲೆ ಎತ್ತಲಾರದೆ ವಾಂತಿ ಮಾಡುತ್ತಿದ್ದೆ. ಅಕ್ಕ ಮಂಚದ ಕಂಬಿ ತಬ್ಬಿಕೊಂಡು, "ಅಯ್ಯಯ್ಯೋ, ಮುಗೀತು, ಈ ಸಲ ಮುಗೀತು," ಎಂದು ಪ್ರತಿ ಅಲೆಗೂ ಹೇಳುತ್ತಿದ್ದರು. ಭಾವ ಮಾತ್ರ ಕಂಬಳಿ ಹೊದ್ದು ಕೂಸಿನಂತೆ ಮಲಗಿದ್ದರು.

ಎರಡನೆಯ ದಿನ ಮಧ್ಯಾಹ್ನ ನನಗೆ ಸ್ವಲ್ಪ ಜೊಂಪು ಹತ್ತಿತು. ಅಕ್ಕನೂ ಸೋತು ಕಣ್ಣು ಮುಚ್ಚಿದ್ದರಂತೆ. ದಡಾರೆಂದು ಬಾಗಿಲು ಬಡಿದ ಸದ್ದಿಗೆ ಎಚ್ಚರವಾಯಿತು. ಭಾವನ ಹಾಸಿಗೆಯಲ್ಲಿ ಕಂಬಳಿ ಮಾತ್ರ ಇತ್ತು. ಬಾಗಿಲು ಹಡಗಿನ ಜೊತೆ ತೂಗಾಡುತ್ತಿತ್ತು.

ಅಕ್ಕ ಕೂಗಲಿಲ್ಲ. ಬರಿಗಾಲಲ್ಲೇ ಎದ್ದರು. ನಾನೂ ಎದ್ದೆ, ಬಿದ್ದೆ, ಮತ್ತೆ ಎದ್ದೆ. ಓಣಿಯಂಥ ಆ ದಾರಿಯಲ್ಲಿ ನೆಲವೇ ಗೋಡೆಯಾಗಿ, ಗೋಡೆಯೇ ನೆಲವಾಗುತ್ತಿತ್ತು. ಹೊರಗಿನ ಡೆಕ್ಕಿಗೆ ಹೋಗುವ ಬಾಗಿಲುಗಳನ್ನು ಬಿರುಗಾಳಿಗೆ ಮುಚ್ಚಿದ್ದಾರೆ ಎಂದು ನಮಗೆ ಹೇಳಿದ್ದರು. ಎಲ್ಲವನ್ನೂ ಮುಚ್ಚಿದ್ದಾರೆಯೇ? ಒಂದು ಬಿಟ್ಟುಹೋಗಿದ್ದರೆ? ಆ ನೀರಿಗೆ ಬಿದ್ದವರು ಹೆಚ್ಚು ನಿಮಿಷ ಬದುಕುವುದಿಲ್ಲ ಎಂದೂ ಹೇಳಿದ್ದರು. ಸಿಕ್ಕ ಸಿಕ್ಕ ಬಾಗಿಲನ್ನು ಅಕ್ಕ ಎರಡೂ ಕೈಲಿ ಎಳೆದು ನೋಡುತ್ತ, ಬೀಗ ಬಿದ್ದಿದ್ದರೆ ಮುಂದಿನದಕ್ಕೆ ಓಡುತ್ತ, ಕೈಕಂಬಿ ಹಿಡಿದು ಮೆಟ್ಟಿಲ ಮೇಲೆ ಮೆಟ್ಟಿಲು ಇಳಿಯುತ್ತ ಹೋದರು. ಇಡೀ ಹಡಗಿನಲ್ಲಿ ಆ ಹೊತ್ತು ನಡೆದಾಡುತ್ತಿದ್ದ ಪ್ರಯಾಣಿಕರು ನಾವಿಬ್ಬರೇ ಇರಬೇಕು.

ಅಡಿಗೆಮನೆಯ ಹಿಂದೆ, ಮಾಂಸ ತರಕಾರಿ ಇಡುವ ದೊಡ್ಡ ಕೋಲ್ಡ್ ಸ್ಟೋರೇಜಿನ ಬಾಗಿಲಿಗೆ ಕಿವಿ ಹಚ್ಚಿ ಭಾವ ನಿಂತಿದ್ದರು. ಬೀಳದಂತೆ ಒಬ್ಬ ಅಡಿಗೆಯವನು ಅವರ ಸೊಂಟ ಹಿಡಿದಿದ್ದ. ಒಳಗೆ ಕಂಪ್ರೆಸರ್ ಗುಂಯ್ ಎನ್ನುತ್ತಿತ್ತು.

ನಾನಾಗಿದ್ದರೆ ಕೂಗಿ ಅತ್ತುಬಿಡುತ್ತಿದ್ದೆ. ಅಕ್ಕ ಎರಡು ಹೆಜ್ಜೆ ದೂರದಲ್ಲೇ ನಿಂತು, ಉಸಿರು ಎಳೆದುಕೊಂಡು, ಕೂದಲು ಸರಿಮಾಡಿಕೊಂಡು, ದಿನಾ ಹೇಳುವ ದನಿಯಲ್ಲಿ ಹೇಳಿದರು: "ರೀ, ಶಟರ್ ಎಳೆದು ಬನ್ರೀ. ಊಟಕ್ಕೆ ಹೊತ್ತಾಯ್ತು."

"ಬಂದೆ ಇರು. ಗಿರಾಕಿ ಸಾಯಂಕಾಲ ಬರ್ತಾನೆ," ಎಂದರು ಭಾವ.

"ಸಾಯಂಕಾಲ ಮಾಡಿಕೊಡಿ. ಈಗ ಬನ್ನಿ."

ಭಾವ ಗಾಳಿಯಲ್ಲಿ ಒಂದು ಶಟರ್ ಎಳೆದರು, ಬಗ್ಗಿ ಇಲ್ಲದ ಬೀಗ ಹಾಕಿದರು, ಬಂದು ಅಕ್ಕನ ಕೈ ಹಿಡಿದರು. ಕೋಣೆಗೆ ಬಂದು ಅವರನ್ನು ಮಲಗಿಸಿದ ಮೇಲೆ ಅಕ್ಕ ಬಚ್ಚಲಿಗೆ ಹೋದರು. ನೀರು ಬಿಟ್ಟ ಸದ್ದು ತುಂಬಾ ಹೊತ್ತು ಬರುತ್ತಿತ್ತು.

ಇದಾದ ಮೇಲೆ ಹಡಗಿನ ಡಾಕ್ಟರು ಭಾವನನ್ನು ದಡಕ್ಕೆ ಇಳಿಸಲು ಒಪ್ಪಲಿಲ್ಲ. ನಾನು ಅಕ್ಕನ ಮಾತನ್ನು ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ಅಕ್ಕ ವಾದ ಮಾಡಲಿಲ್ಲ, ಅಳಲೂ ಇಲ್ಲ. "ಅವರು ಹೆದರೋದು ಸರಿ ಅಂತ ಹೇಳು. ನಂಗೆ ಅವರಿಗಿಂತ ಜಾಸ್ತಿ ಭಯ ಇದೆ ಅಂತ ಹೇಳು. ಅದಕ್ಕೇ ಇವರ ಮೇಲೆ ಕಣ್ಣಿಟ್ಟಿರ್ತೀನಿ ಅಂತ ಹೇಳು," ಎಂದರು. ಡಾಕ್ಟರು, ಗಾಳಿ ನಿಂತ ಒಂದು ದಿನ, ಒಂದೇ ಸಲ, ಸ್ವಲ್ಪ ಹೊತ್ತು ಎಂದು ಒಪ್ಪಿದರು.

ಅಂಥ ದಿನ ಬಂತು. ಹಡಗಿನ ಮಗ್ಗುಲ ಏಣಿಯ ಬುಡದಲ್ಲಿ ರಬ್ಬರಿನ ದೋಣಿ ಏರಿಳಿಯುತ್ತಿತ್ತು. ದೋಣಿ ಮೇಲೆ ಬಂದ ಕ್ಷಣ ನೋಡಿ ಕಾಲಿಡಬೇಕು. ಕೆಳಗೆ ಕಪ್ಪು ನೀರು. ಅಕ್ಕನ ಮುಖದಲ್ಲಿ ರಕ್ತವಿರಲಿಲ್ಲ. "ಮೊದಲು ನೀವು ಇಳೀರಿ ಅಂದ್ರೆ ಇವರು ಇಳಿಯಲ್ಲ. ನಾನೇ ಹೋಗ್ಬೇಕು," ಎಂದು ಗೊಣಗಿ, ನಾವಿಕನ ಮೊಣಕೈ ಹಿಡಿದು, ಜೋರಾಗಿ "ಅಮ್ಮಾ!" ಎಂದು ಕಿರುಚುತ್ತಲೇ ಕಾಲಿಟ್ಟರು. ಕಿರುಚು ನಿಲ್ಲುವ ಮೊದಲೇ ದೋಣಿಯಲ್ಲಿ ಕೂತಿದ್ದರು. ಸೊಂಟದ ಸೀರೆತುಂಡನ್ನು ಎತ್ತಿ ತೋರಿಸಿ, "ಬನ್ರೀ, ಹಿಡ್ಕೊಳ್ಳಿ," ಎಂದರು. ಭಾವ ನಗುತ್ತ ಇಳಿದರು.

ದಡ ಸೇರುವಷ್ಟರಲ್ಲಿ ನೀರು ಎರಚಿ ಅಕ್ಕನ ಕುತ್ತಿಗೆಯಿಂದ ಒಳಗಿನ ಬಟ್ಟೆ ತೊಯ್ದಿತ್ತು. ಬದಲಿಸಲು ಇನ್ನೊಂದು ಜೊತೆ ಎಲ್ಲಿತ್ತು? ಅವರ ಹಲ್ಲು ಕಟಕಟ ಎನ್ನುವುದು ನನಗೆ ಕೇಳಿಸುತ್ತಿತ್ತು. ಎದುರಿಗೆ ನೀಲಿ ಬೆಳಕು ಒಳಗಿಟ್ಟುಕೊಂಡಂಥ ಹಿಮದ ಗೋಡೆ ಆಕಾಶದ ತನಕ ಎದ್ದಿತ್ತು. ಅದರೊಳಗಿಂದ ಆಗಾಗ ಬಂದೂಕು ಹಾರಿದಂತೆ ಸದ್ದು. ಪ್ರತಿ ಸದ್ದಿಗೂ ನಾನು ಕುಗ್ಗುತ್ತಿದ್ದೆ. ಅಷ್ಟು ದೊಡ್ಡದರ ಮುಂದೆ ನಿಂತರೆ ಸಂತೋಷ ಆಗುತ್ತದೆ ಎಂದು ಯಾರು ಹೇಳಿದರೋ. ನನಗೆ ಓಡಿಹೋಗಬೇಕು ಅನ್ನಿಸಿತು.

ಅಲೆ ತಂದು ಹಾಕಿದ ಒಂದು ಹಿಮದ ಬಂಡೆ ದಂಡೆಯಲ್ಲಿತ್ತು, ಸೊಂಟದ ಎತ್ತರ. ಭಾವ ಗ್ಲೌಸು ತೆಗೆದು ಅದರ ಮೇಲೆ ಅಂಗೈ ಇಟ್ಟರು. ಬಲಗಡೆ ನಾನು, ಎಡಗಡೆ ಅಕ್ಕ. ಭಾವ ಬಂಡೆಯ ಸುತ್ತ ಬಗ್ಗಿ ಬಗ್ಗಿ ನೋಡಿದರು. ಕೇಳಿದರು, "ಇದಕ್ಕೆ ಕರೆಂಟ್ ಎಲ್ಲಿಂದ ಕೊಟ್ಟಿದ್ದಾರೆ?"

"ಕರೆಂಟ್ ಇಲ್ಲ ರೀ ಇದಕ್ಕೆ," ಎಂದರು ಅಕ್ಕ.

"ಇಲ್ವಾ?"

"ಇಲ್ಲ. ತಾನಾಗೇ ಇರೋದು."

ಭಾವ ಯೋಚಿಸಿದರು. ಆಮೇಲೆ ಅವರ ಮುಖ ಅರಳಿತು, ಹಳೆಯ ಅಂಗಡಿಯಲ್ಲಿ ಅರಳುತ್ತಿದ್ದ ಹಾಗೆ. "ಹಂಗಾದ್ರೆ ಕೆಡೋದೂ ಇಲ್ಲ!" ಎಂದರು.

ಹಡಗಿಗೆ ಮರಳಿದ ಮೇಲೆ ಅಕ್ಕನಿಗೆ ನಡುಕ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಡಾಕ್ಟರು ಬಿಸಿನೀರಿನ ಚೀಲ ಇಟ್ಟು ಹೊದಿಕೆಯ ಮೇಲೆ ಹೊದಿಕೆ ಹೊದಿಸಿದರು. ಉಗುರಿನ ನೀಲಿ ಹೋಗಿ ಕೆಂಪು ಬಂದ ಮೇಲೆ ನಾನು ಕೇಳಿದೆ, "ಹೆಂಗಿತ್ತು ಅಕ್ಕ? ನೋಡಿದ್ರಾ?"

"ಎಲ್ಲಿ ನೋಡ್ದೆ? ಇವರ ಬೂಟನ್ನೇ ನೋಡ್ತಾ ಇದ್ದೆ ಕಣೇ. ಎಲ್ಲಿ ಜಾರ್ತಾರೋ ಅಂತ. ನೀನು ಫೋಟೋ ತೆಗೆದಿದ್ರೆ ಮನೆಗೆ ಹೋದ್ಮೇಲೆ ತೋರ್ಸು."

ತೋರಿಸಿದೆ. ನೋಡಿ, "ಅಬ್ಬ! ಇಷ್ಟು ದೊಡ್ಡದು ಅಂತ ಗೊತ್ತಿದ್ದಿದ್ರೆ ಇಳೀತಾನೇ ಇರ್ಲಿಲ್ಲ," ಎಂದರು. ಭಾವನೂ ನೋಡಿದರು. ಆ ಕೆಂಪು ಜಾಕೀಟಿನ ಮುದುಕ ಯಾರು ಎಂದು ವಿಚಾರಿಸಿದರು. ಅಕ್ಕ ಬೇಸರಪಡಲಿಲ್ಲ. "ಅವತ್ತು ಅವರಿಗೆ ಗೊತ್ತಾಯ್ತಲ್ಲ. ಅಷ್ಟಕ್ಕೇ ಹೋಗಿದ್ದು," ಎಂದರು.

ಇಷ್ಟು ಮಾಡಿ ಬಂದವರು ಧೈರ್ಯಸ್ಥೆಯಾಗಿರಬೇಕು ಎಂದು ನೆಂಟರೆಲ್ಲ ನೋಡಲು ಬಂದರು. ಬಂದವರ ಎದುರಿಗೇ ಒಂದು ಹಲ್ಲಿ ಬಿದ್ದು, ಅಕ್ಕ ಸೋಫಾ ಹತ್ತಿ ನಿಂತರು. ಗ್ಯಾಸಿನ ನಾಬು, ಬಾಗಿಲ ಬೀಗ, ಗುಡುಗು ಎಲ್ಲ ಮೊದಲಿನ ಹಾಗೇ ನಡೆದವು. ಒಮ್ಮೆ ಮಾತ್ರ, ಭಾವ ಮಲಗಿದ್ದಾಗ, ತಮ್ಮ ನಿಜವಾದ ಭಯ ಯಾವುದೆಂದು ಹೇಳಿದರು. "ನಾನು ಮೊದಲು ಹೋದ್ರೆ ಏನು ಗತಿ ಅಂತ. ಉಳಿದಿದ್ದೆಲ್ಲ ಅದರ ಮರಿಗಳು."

ಹಾಗೆಯೇ ಆಯಿತು. ಈ ವರ್ಷ ಅವರ ಹೃದಯದ ಕವಾಟ ಕೈಕೊಟ್ಟಿತು, ಆಪರೇಷನ್ನಿಗೆ ಒಳಗೆ ಹೋದವರು ಮರಳಲಿಲ್ಲ. ಭಾವ ಈಗ ಕಲ್ಯಾಣ ನಗರದಲ್ಲಿ ಮಗನ ಮನೆಯಲ್ಲಿದ್ದಾರೆ. ಅಂದು ಕೂಗಾಡಿದ ಮಗನೇ ಈಗ ಅಪ್ಪನ ಪಕ್ಕದಲ್ಲಿ ಹಾಸಿಗೆ ಹಾಕಿ ಮಲಗುತ್ತಾನೆ. ಇವಳೆಲ್ಲಿ ಎಂದು ಅಪ್ಪ ಕೇಳಿದಾಗಲೆಲ್ಲ, ತರಕಾರಿಗೆ ಹೋಗಿದ್ದಾರೆ, ಈಗ ಬರ್ತಾರೆ ಎನ್ನುತ್ತಾನೆ. ನಾನು ಭಾನುವಾರಗಳಲ್ಲಿ ಹೋಗಿ ಕೂತು ಬರುತ್ತೇನೆ.

ಆಪರೇಷನ್ನಿನ ಬೆಳಿಗ್ಗೆ ಅವರನ್ನು ಗಾಲಿಮಂಚದಲ್ಲಿ ಮಲಗಿಸಿ ಒಳಗೆ ಕರೆದೊಯ್ಯುತ್ತಿದ್ದರು. ಬಾಗಿಲ ತನಕ ಹೋಗಲು ನನ್ನನ್ನು ಬಿಟ್ಟಿದ್ದರು. ಬಳೆ, ಮೂಗುಬಟ್ಟು ತೆಗೆಸಿದ್ದರಿಂದ ಅವರ ಮುಖ ಯಾರದೋ ಹುಡುಗಿಯ ಮುಖದ ಹಾಗಿತ್ತು. ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿದು ಹೇಳಿದರು, "ತುಂಬಾ ಭಯ ಆಗ್ತಿದೆ ಕಣೇ."

ಏನೂ ಆಗಲ್ಲ ಎನ್ನಬೇಕಿತ್ತು. ಎಲ್ಲರೂ ಹಾಗೇ ಹೇಳುತ್ತಾರೆ. "ನಂಗೂ ಆಗ್ತಿದೆ ಅಕ್ಕ," ಎಂದೆ.

ಅವರು ನನ್ನ ಮುಖ ನೋಡಿದರು. ಬೆರಳಿನ ಬಿಗಿ ಮೆಲ್ಲಗೆ ಸಡಿಲವಾಯಿತು.

"ಹಂಗಾದ್ರೆ ಸರಿ ಬಿಡು," ಎಂದರು. ಆಮೇಲೆ ನರ್ಸಿನ ಕಡೆ ತಿರುಗಿ, "ನಡೀಮ್ಮ, ಹೋಗೋಣ," ಎಂದರು.